ಕನ್ಸಲ್ಟಿಂಗ್ ಕಂಪನಿಯಲ್ಲಿ ಕೂತಲ್ಲೇ ಸಂಬಳ ಬಂದರೂ ಜನ ಯಾಕೆ ಹೆದರುತ್ತಾರೆ?

ಅಲ್ಲಿ ಮಾರಾಟವಾಗುವ ಸರಕು ನಿಮ್ಮ ಸಮಯವೇ, ಅದಕ್ಕೆ. ಸಾಮಾನ್ಯವಾಗಿ ನಿಮ್ಮ ಗಂಟೆಗಳಿಗೆ ಕ್ಲೈಂಟ್ ದುಡ್ಡು ಕೊಟ್ಟರಷ್ಟೇ ಕಂಪನಿಗೆ ಆದಾಯ. ಸಂಬಳ ಮಾತ್ರ ತಿಂಗಳು ತಿಂಗಳು ಹೋಗಲೇಬೇಕು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ನೀವು 'ಬೆಂಚ್' ಮೇಲೆ. ಕೆಲಸದ ಗಂಟೆಗಳಲ್ಲಿ ಎಷ್ಟಕ್ಕೆ ಬಿಲ್ ಆಯಿತು ಎಂಬ ಲೆಕ್ಕವೇ ಯುಟಿಲೈಸೇಶನ್: ವಾರದ 40 ಗಂಟೆಯಲ್ಲಿ 30ಕ್ಕೆ ಬಿಲ್ ಆದರೆ ಶೇ 75. ಬಡ್ತಿ, ಬೋನಸ್ ಮಾತು ಬಂದಾಗ ಮ್ಯಾನೇಜರ್ ಸಾಮಾನ್ಯವಾಗಿ ಇದನ್ನೂ ನೋಡುತ್ತಾರೆ. ಹಾಗಾಗಿ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಮೂರನೇ ಸಲ ಕಾಫಿಗೆ ಇಳಿದವರನ್ನು ಕಂಡು ಹೊಟ್ಟೆಕಿಚ್ಚು ಪಡಬೇಡಿ, ಅವರು ಬೆಂಚ್ ಮೇಲಿರಬಹುದು.

ಲಾಭವೂ ಇದೆ, ನನ್ನ ಪ್ರಕಾರ ದೊಡ್ಡದೇ: ಈ ವರ್ಷ ಬ್ಯಾಂಕು, ಮುಂದಿನ ವರ್ಷ ಆಸ್ಪತ್ರೆ ಎಂದು ಪ್ರಾಜೆಕ್ಟ್ ಬದಲಾಗುತ್ತಾ ಕಲಿಕೆ ಬೇಗ ಆಗುತ್ತದೆ.