ಪೋಖರಾದಲ್ಲಿ ಒಂದು ದಿನ ದಂಡವಾಯಿತೇ?

ಓದುಗರೊಬ್ಬರ ಪತ್ರ: “ಹದಿನಾಲ್ಕು ಜನ ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣಕ್ಕೆ ಹೋಗಿದ್ದೆವು. ಕಾಠ್ಮಂಡುವಿನಿಂದ ಬಸ್ಸಿನಲ್ಲಿ ಪೋಖರಾ ತಲುಪಿದೆವು. ಮರುದಿನವೇ ನಡಿಗೆ ಶುರು ಮಾಡಬಹುದಿತ್ತು. ನಮ್ಮ ಲೀಡರ್ ಪೂರ್ತಿ ಒಂದು ದಿನ ಫೇವಾ ಸರೋವರದ ದಂಡೆಯಲ್ಲಿ ಸುಮ್ನೆ ಕೂರಿಸಿದರು. ರಜೆಯೂ ದಂಡ, ದುಡ್ಡೂ ದಂಡ. ಮುಂದಿನ ಸಲ ಆ ದಿನ ತೆಗೆಸಬೇಕು ಅಂತಿದ್ದೇನೆ. ನೀವೇನಂತೀರಿ?”

ಉತ್ತರ: ರಜೆ ಸಿಗೋದು ಕಷ್ಟ, ಒಪ್ಪಿದೆ. ಪೋಖರಾ ಇರೋದೇ 800 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಲ್ಲಿ ಒಂದು ದಿನ ಕೂತರೆ 4,130 ಮೀಟರಿನ ಬೇಸ್ ಕ್ಯಾಂಪಿಗೆ ಮೈ ಒಗ್ಗಿಬಿಡುವುದಿಲ್ಲ, ಅದೂ ನಿಜ. ಇಷ್ಟು ಬಿಟ್ಟರೆ ನಾನು ಪೂರ್ತಿ ನಿಮ್ಮ ಲೀಡರ್ ಪರ.

ಬಸ್ಸಿಳಿದ ಹದಿನಾಲ್ಕು ಜನ ಇನ್ನೂ ಗುಂಪಲ್ಲ, ಒಂದೇ ಬಸ್ಸಿನ ಪ್ರಯಾಣಿಕರು ಅಷ್ಟೇ. ಯಾರು ಮಂಡಿನೋವು ಮುಚ್ಚಿಟ್ಟಿದ್ದಾರೆ, ಯಾರ ಹೊಸ ಬೂಟು ಹಿಮ್ಮಡಿ ಕಚ್ಚುತ್ತಿದೆ, ಯಾರು ಬ್ಯಾಗಿನಲ್ಲಿ ಮೂರು ಜೀನ್ಸ್ ತುರುಕಿಕೊಂಡು ಬಂದಿದ್ದಾರೆ, ಇದೆಲ್ಲ ಹೊರಬೀಳೋದು ಕೆಲಸವಿಲ್ಲದೆ ದಂಡೆಯ ಮೇಲೆ ಅಡ್ಡಾಡುವಾಗ. ಜೀನ್ಸನ್ನು ಹೋಟೆಲಿನಲ್ಲೇ ಬಿಡಬಹುದು, ಹಿಮ್ಮಡಿಗೆ ಪಟ್ಟಿ ಅಂಟಿಸಬಹುದು. ಮೇಲೆ ಹೋದಮೇಲೆ ಗೊತ್ತಾದರೆ ಏನು ಮಾಡ್ತೀರಿ?

ಇನ್ನೊಂದು ವಿಷಯ ಕೇಳಿ. ನೇಪಾಳದಲ್ಲಿ ಗುಂಪು ಚಾರಣದ ಕಂಪನಿಯನ್ನು ಮೊದಲು ಶುರು ಮಾಡಿದ್ದು ಜಿಮ್ಮಿ ರಾಬರ್ಟ್ಸ್, 1964ರಲ್ಲಿ. ಅದಕ್ಕೂ ಮುಂಚೆ 1957ರಲ್ಲಿ ಅವರು ಮಚ್ಛಾಪುಚ್ಛ್ರೆಗೆ ತಂಡ ಕಟ್ಟಿಕೊಂಡು ಹೋಗಿದ್ದರು. 6,993 ಮೀಟರಿನ ಶಿಖರ. ತಂಡದವರು ಸುಮಾರು 50 ಮೀಟರ್ ಕೆಳಗಿನಿಂದಲೇ, ತುದಿ ತುಳಿಯದೆ ಹಿಂತಿರುಗಿದರು. ಇವತ್ತಿಗೂ ಅದನ್ನು ಹತ್ತಲು ಅನುಮತಿ ಇಲ್ಲ. ರಾಬರ್ಟ್ಸ್ ಕೊನೆಗೆ ನೆಲೆ ನಿಂತಿದ್ದು ಪೋಖರಾದಲ್ಲಿ, 1997ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಹಿಮಾಲಯವನ್ನು ಅಷ್ಟು ಅಲೆದ ಮನುಷ್ಯ ಬದುಕಲು ಆರಿಸಿಕೊಂಡ ಊರಿನಲ್ಲಿ ನಿಮಗೆ ಒಂದು ದಿನ ಕಳೆಯೋದು ಭಾರವಾಯಿತೇ?

1899ರಲ್ಲಿ ಜಪಾನಿನ ಬೌದ್ಧ ಭಿಕ್ಷು ಎಕಾಯ್ ಕವಾಗುಚಿ, ಆಗ ವಿದೇಶಿಯರನ್ನು ಒಳಗೆ ಬಿಡದಿದ್ದ ಟಿಬೆಟ್ಟಿಗೆ ಕದ್ದುಮುಚ್ಚಿ ಹೊರಟವರು, ಇದೇ ಊರಿನ ಮೇಲೆ ಹಾದುಹೋದರು. ಸಿಕ್ಕಿಬಿದ್ದರೆ ಮುಗೀತು ಅನ್ನುವಂಥ ಪ್ರಯಾಣ. ಅವರೂ ಇಲ್ಲಿ ನಿಂತು, ನೋಡಿ, ಈ ಊರಿನ ಚೆಲುವನ್ನು ಬಾಯ್ತುಂಬ ಹೊಗಳಿದ್ದಾರೆ.

ತಪ್ಪು ನಿಮ್ಮೊಬ್ಬರದಲ್ಲ. ಎಷ್ಟು ಜಾಗ, ಎಷ್ಟು ದಿನ ಅಂತ ಲೆಕ್ಕ ಹಾಕಿ ಪ್ರವಾಸ ಮಾರುವವರು ಈ ಆತುರ ಕಲಿಸಿದ್ದಾರೆ. ಜೀಪ್ ಹೋಗುವಷ್ಟು ದೂರ ಜೀಪಿನಲ್ಲಿ, ಆಮೇಲೆ ಓಟ. ಅಂಥ ಗುಂಪುಗಳಲ್ಲಿ ಏನಾಗುತ್ತೆ ನೋಡಿದ್ದೀರಾ? ಮುಂದಿನವರು ಕಟ್ಟೆಯ ಮೇಲೆ ಕೂತು ನೀರು ಕುಡಿದು ದಣಿವಾರಿಸಿಕೊಂಡಿರುತ್ತಾರೆ. ಕಟ್ಟಕಡೆಯವರು ಏದುಸಿರು ಬಿಡುತ್ತಾ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ “ಹೊರಡೋಣ” ಅಂತ ಎದ್ದುಬಿಡುತ್ತಾರೆ. ವಿಶ್ರಾಂತಿ ಜಾಸ್ತಿ ಬೇಕಾದವರಿಗೇ ಅದು ಸಿಗೋದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನಿಧಾನಕ್ಕೆ ನಡೆಯುವವರು ಯಾರು ಅನ್ನೋದು ಆ ಕೆರೆ ದಂಡೆಯಲ್ಲೇ ತಿಳಿದಿದ್ದರೆ ಅವರನ್ನೇ ಮುಂದೆ ನಡೆಸಬಹುದಿತ್ತು ಅಲ್ವಾ?

ಹಾಗಾಗಿ ಆ ದಿನ ತೆಗೆಸಬೇಡಿ. ಇಳಿದು ಬಂದ ಮೇಲೂ ಅಲ್ಲಿ ಇನ್ನೊಂದು ದಿನ ಇಟ್ಟುಕೊಳ್ಳಿ ಅಂತ ಲೀಡರಿಗೆ ನೀವೇ ಹೇಳಿ.