ಹಳೆ ಬುಲೆಟ್‌ಗೆ ದಪ್ಪ ಟೈರ್ ಹಾಕಿಸಬಹುದಾ?

ಪ್ರಶ್ನೆ: ಅಪ್ಪನ ಕಾಲದ ಬುಲೆಟ್ 350 ಇದೆ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಒಂಟಿ ಸೀಟು ಕೂರಿಸಿ ಬಾಬರ್ ಸ್ಟೈಲ್ ಮಾಡಿಸಿದ್ದೇನೆ. ರಿಮ್ ಮಾತ್ರ ಹಳೆಯ 19 ಇಂಚಿನದೇ. ಈಗ ಟೈರ್ ಸವೆದಿವೆ. ಹಿಂದೆ ಎಷ್ಟು ದಪ್ಪ ಸಿಗುತ್ತೋ ಅಷ್ಟು ದಪ್ಪದ್ದು ಹಾಕಿಸು, ಬಟನ್ ಟೈರ್ (ಮೈಮೇಲೆ ದಪ್ಪ ಗುಬ್ಬಿಗಳಿರೋದು) ಆದ್ರೆ ಹೊಲದ ದಾರಿಗೂ ಆಗುತ್ತೆ ಅಂತಾರೆ ಗೆಳೆಯರು. ನನ್ನ ಓಡಾಟ ಮಾನ್ವಿ, ಗಂಗಾವತಿ ಕಡೆಗೆ. ಏನು ಮಾಡಲಿ ಸರ್?
– ಓದುಗರು, ಸಿಂಧನೂರು

ಉತ್ತರ: ಅಪ್ಪನ ಗಾಡಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಿ, ಓದಿ ಖುಷಿ ಆಯ್ತು. ಆದ್ರೆ ದಪ್ಪ ಟೈರ್ ಬೇಡ. ಈ ಗಾಡಿಗೆ ಕಂಪನಿ ಕೊಟ್ಟಿದ್ದು ಹಿಂದೆ ಮುಂದೆ ಎರಡಕ್ಕೂ 3.25-19, ಅಂದ್ರೆ 3.25 ಇಂಚು ಅಗಲದ, 19 ಇಂಚಿನ ರಿಮ್ಮಿನ ಟೈರ್. ಸ್ವಲ್ಪ ತುಂಬಿಕೊಂಡ ಹಾಗೆ ಕಾಣಬೇಕು ಅಂದ್ರೆ ಹಿಂದೆ 3.50-19 ಹಾಕಿಸಿ, ಅಷ್ಟು ಸಾಕು.

ಕಡ್ಡಿಗಳ ಬುಡದ ಹತ್ತಿರ ರಿಮ್ ಒರೆಸಿ ನೋಡಿ, ಡಬ್ಲ್ಯೂಎಂ2 ಅಂತ ಅಚ್ಚು ಕಾಣಬಹುದು. ಅಂದ್ರೆ ಒಳಗಲ ಬರೀ 1.85 ಇಂಚು. ಅದಕ್ಕೆ ಅಗಲದ ಟೈರ್ ತುರುಕಿದ್ರೆ ಎರಡೂ ಅಂಚು ಒಳಕ್ಕೆ ಹಿಂಡಿಕೊಂಡು ನಡು ಉಬ್ಬುತ್ತೆ, ನೇರ ಹೋಗುವಾಗ ನೆಲಕ್ಕೆ ತಾಗೋದು ಆ ನಡುವಿನ ಪಟ್ಟಿ ಮಾತ್ರ. ಜಾಸ್ತಿ ದುಡ್ಡು ಕೊಟ್ಟು ಹಿಡಿತ ಕಳ್ಕೊಳ್ಳೋದು ಯಾಕೆ? ಚೈನಿಗೆ ಉಜ್ಜೋ ಭಯ ಬೇರೆ.

ಕತ್ತರಿಸಿದ ಮಡ್‌ಗಾರ್ಡ್ ಈಗ ಯಾವುದಕ್ಕೆ ಬಿಗಿದಿದೆ? ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗಾದ್ರೆ ಚಕ್ರದ ಜೊತೆಗೇ ಏರಿಳಿಯುತ್ತೆ, ಚಿಂತೆಯಿಲ್ಲ. ಫ್ರೇಮಿಗಾದ್ರೆ ಗಾಡಿ ತಗ್ಗಿಗೆ ಬಿದ್ದಾಗ ಟೈರ್ ಮೇಲೆದ್ದು ತಾಗುತ್ತೆ. ಇಬ್ಬರನ್ನು ಹಿಂದೆ ಭಾರ ಹಾಕಿ ಒತ್ತಲು ಹೇಳಿ, ನೀವು ಕೆಳಗೆ ಕೂತು ಸಂದಿ ನೋಡಿ. ಬೋಲ್ಟಿನ ತುದಿ ಒಳಗೆ ಚಾಚಿದ್ರೆ ಇವತ್ತೇ ಕತ್ತರಿಸಿ, ಟೈರ್ ಸೀಳೋದು ಅದೇ.

ಬಟನ್ ಟೈರ್ ನಿಮಗೆ ಬೇಕಿಲ್ಲ. ನಿಮ್ಮ ಕಡೆಯ ಎರೆಮಣ್ಣು ಮಳೆಗೆ ನೆನೆದ್ರೆ ಬಟನ್‌ಗಳ ನಡುವೆ ಮೆತ್ತಿಕೊಂಡು ಟೈರ್ ನುಣ್ಣಗಾಗುತ್ತೆ, ಸಂದಿ ಸಣ್ಣದಿದ್ರೆ ಚಕ್ರವೇ ತಿರುಗಲ್ಲ. ಕಾಲುವೆ ದಾರಿಯಲ್ಲಿ ಗಾಡಿ ತಳ್ಳಿದೋರಿಗೆ ಗೊತ್ತು. ಡಾಂಬರಿನ ಮೇಲೆ ಬೇಗ ಸವೆಯುತ್ತೆ. ಭತ್ತದ ಲಾರಿಗಳ ನಡುವೆ, ಅದೂ ಡ್ರಮ್ ಬ್ರೇಕಿನ ಗಾಡಿಯಲ್ಲಿ, ರಸ್ತೆ ಟೈರೇ ಬೇಕು. ಮುಂದೆ ಉದ್ದ ಗೆರೆಗಳಿರುವ ರಿಬ್ ಟೈರ್, ಹಿಂದೆ ಸಾದಾ ರಸ್ತೆ ಟೈರ್.

ಕೊಳ್ಳುವಾಗ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಓದಿ. 1025 ಅಂದ್ರೆ 2025ರ 10ನೇ ವಾರ ತಯಾರಾದದ್ದು. 19 ಇಂಚಿನದು ಎಲ್ಲ ಅಂಗಡಿಯಲ್ಲೂ ಬೇಗ ಖರ್ಚಾಗಲ್ಲ. ನಮ್ಮ ರಾಯಚೂರು ಬಿಸಿಲಲ್ಲಿ ತಗಡಿನ ಕೆಳಗೆ ವರ್ಷಗಟ್ಟಲೆ ನೇತಾಡಿದ ಟೈರ್ ನೋಡೋಕೆ ಹೊಸದೇ, ಆದ್ರೆ ರಬ್ಬರ್ ಗಡುಸಾಗಿರುತ್ತೆ. ತುಂಬಾ ಹಳೆಯದು ತೋರಿಸಿದ್ರೆ ಮುಲಾಜಿಲ್ಲದೆ ಬೇಡ ಅನ್ನಿ, ತರಿಸಿಕೊಡಲಿ.

ಕಡ್ಡಿ ಚಕ್ರ ಆದ್ದರಿಂದ ಟ್ಯೂಬ್ ಬೇಕೇ ಬೇಕು, ಹೊಸದೇ ಹಾಕಿಸಿ. ರಿಮ್ಮಿನ ಒಳಪಟ್ಟಿಯೂ ಹೊಸದಿರಲಿ. ಕಡ್ಡಿಯ ತುದಿ ಮೇಲೆದ್ದಿದ್ರೆ ಅರದಿಂದ ಉಜ್ಜಿಸಿ, ಇಲ್ಲಾಂದ್ರೆ ಸುಮ್ನೆ ಪಂಕ್ಚರ್ ಅಂಗಡಿಗೆ ಓಡಾಟ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ: ಮುಂದೆ 18ರಿಂದ 20, ಹಿಂದೆ 28 ಪೌಂಡ್. ಮಧ್ಯಾಹ್ನ ಜಾಸ್ತಿ ತೋರಿಸ್ತು ಅಂತ ಗಾಳಿ ತೆಗೆಯಬೇಡಿ. ಹೊಸ ಟೈರ್ ಮೊದಮೊದಲು ಜಾರುತ್ತೆ, ಸುಮಾರು ನೂರು ಕಿಲೋಮೀಟರ್ ಆಗೋವರೆಗೆ ತಿರುವಿನಲ್ಲಿ ನಿಧಾನ ಹೋಗಿ.