ಆರೋಗ್ಯ ಪ್ರಶ್ನೋತ್ತರ: ಒಂದು ದಿನಾಚರಣೆಗೆ ಒಂದೇ ಕೆಲಸ

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಭಾಷಣ, ಜಾಥಾ ಎಲ್ಲ ಮಾಡುತ್ತೇವೆ. ವಾರ ಕಳೆದರೆ ಮಕ್ಕಳಿಗೆ ಏನೂ ನೆನಪಿರುವುದಿಲ್ಲ. ಈ ವರ್ಷ ಮನಸ್ಸು, ಮೆದುಳು ಎರಡನ್ನೂ ಸೇರಿಸಿ ತಿಂಗಳಿಗೊಂದು ಕಾರ್ಯಕ್ರಮ ಮಾಡುವ ಆಸೆ. ಹೇಗೆ ಶುರು ಮಾಡಲಿ?
– ಶಿಕ್ಷಕಿ, ಹಾವೇರಿ

ಉತ್ತರ: ಹನ್ನೆರಡೂ ತಿಂಗಳು ತುಂಬಿಸಲು ಹೋಗಬೇಡಿ ಮೇಡಂ, ಐದು ಸಾಕು. ಜುಲೈ 22 ವಿಶ್ವ ಮೆದುಳು ದಿನ, ಸೆಪ್ಟೆಂಬರ್ 10 ಆತ್ಮಹತ್ಯೆ ತಡೆ ದಿನ, ಅಕ್ಟೋಬರ್ 10 ಮಾನಸಿಕ ಆರೋಗ್ಯ ದಿನ, ಅಕ್ಟೋಬರ್ 29 ಪಾರ್ಶ್ವವಾಯು ದಿನ, ನವೆಂಬರ್ 17 ರಾಷ್ಟ್ರೀಯ ಮೂರ್ಛೆರೋಗ ದಿನ. ದಸರಾ ರಜೆ ಅಡ್ಡ ಬಂದರೆ ಶಾಲೆ ತೆರೆದ ವಾರ ಮಾಡಿ. ಪ್ರತಿ ಸಲವೂ ಒಂದೇ ವಿಷಯ ಇಟ್ಟುಕೊಳ್ಳಿ, ಅದೂ ಮಕ್ಕಳು ಕೈಯಾರೆ ಮಾಡುವಂಥದ್ದು. ಜುಲೈನಲ್ಲಿ ಹೆಲ್ಮೆಟ್ ಪಟ್ಟಿ ಸರಿಯಾಗಿ ಹಾಕುವುದನ್ನು ಕಲಿಸಬಹುದು. ಪಾರ್ಶ್ವವಾಯು ದಿನಕ್ಕೆ ಮೂರು ಗುರುತು: ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಲಕ್ವಕ್ಕೆ ಎಣ್ಣೆ ತಿಕ್ಕಿಸಲು ಹೋದರೆ ಆ ಹೊತ್ತು ದಾಟಿಹೋಗುತ್ತದೆ.

ಫಿಟ್ಸ್‌ಗೆ ಮಾತ್ರ ಇಡೀ ಒಂದು ಪೀರಿಯಡ್ ಕೊಡಿ. ಹತ್ತು ನಿಮಿಷ ಹೇಳಿ, ಉಳಿದ ಹೊತ್ತು ಇಬ್ಬಿಬ್ಬರನ್ನು ಜೊತೆ ಮಾಡಿ ಅಭ್ಯಾಸ ಮಾಡಿಸಿ. ಸುತ್ತಲಿನ ಬೆಂಚು, ಕಲ್ಲು ಸರಿಸಬೇಕು. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಬೇಕು. ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡಬೇಕು. ಅದುರುವುದು ನಿಲ್ಲುತ್ತಿದ್ದಂತೆ ಪಕ್ಕಕ್ಕೆ ಹೊರಳಿಸಿದರೆ ಜೊಲ್ಲು ಹೊರಗೆ ಹರಿದು ಉಸಿರಾಟ ಸರಾಗವಾಗುತ್ತದೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ನಮ್ಮ ಜನ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು ಇದೇ ಹೊತ್ತಿಗೆ. ಹಾಗಾಗಿ ಕಬ್ಬಿಣದಿಂದಲೇ ನಿಂತಿತು ಎಂಬ ನಂಬಿಕೆ ಬಲವಾಗಿದೆ. ಮಕ್ಕಳಿಗೆ ಈ ಕಾರಣವನ್ನು ಬಿಡಿಸಿ ಹೇಳಿ, ಬರೀ ‘ಮೂಢನಂಬಿಕೆ’ ಎಂದು ಗದರಬೇಡಿ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ, ಅದುಮಿ ಹಿಡಿದರೆ ಭುಜದ ಕೀಲು ತಪ್ಪಬಹುದು, ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಜೀವನದಲ್ಲಿ ಮೊದಲ ಸಲವಾದರೆ ಆಸ್ಪತ್ರೆಗೆ ಹೋಗಲೇಬೇಕು. ತರಗತಿಯಲ್ಲಿ ಈ ತೊಂದರೆ ಇರುವ ಮಗುವಿದ್ದರೆ ಅದನ್ನು ಉದಾಹರಣೆಗೆ ನಿಲ್ಲಿಸಬೇಡಿ.

ಪ್ರಶ್ನೆ: ಆತ್ಮಹತ್ಯೆಯ ಬಗ್ಗೆ ಮಕ್ಕಳೆದುರು ಮಾತಾಡಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ?
– ಪೋಷಕರು, ಶಿವಮೊಗ್ಗ

ಉತ್ತರ: ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿರುವ ಮಗುವಿಗೆ ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿದರೆ ಬಾಯಿ ಬಿಡಲು ದಾರಿಯಾಗುತ್ತದೆ. ಆದರೆ ಸತ್ತ ವಿಧಾನ ವಿವರಿಸುವುದು, ಸಾವಿನಲ್ಲಿ ಮುಗಿಯುವ ಕಿರುನಾಟಕ ಆಡಿಸುವುದು ನಿಜವಾಗಿಯೂ ಅಪಾಯ. ಶಾಲೆಯವರು ಅಂಥದ್ದನ್ನು ಇಟ್ಟಿದ್ದರೆ ದಯವಿಟ್ಟು ನಿಲ್ಲಿಸಿ. ಮಗು ‘ಹೌದು’ ಎಂದರೆ ಒಂಟಿಯಾಗಿ ಬಿಡಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡವರೂ ಕರೆ ಮಾಡಿ ಸಲಹೆ ಪಡೆಯಬಹುದು. ಜೀವಕ್ಕೆ ಈಗಲೇ ಅಪಾಯವಿದೆ ಎನಿಸಿದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮತ್ತೆಗೆ 72 ವರ್ಷ, ಮರೆವು ಹೆಚ್ಚಾಗಿದೆ. ಅರಳುಮರಳು ಸಹಜ ಅನ್ನುತ್ತಾರೆ ಮನೆಯವರು. ಸೆಪ್ಟೆಂಬರ್ 21ರ ಅಲ್‌ಝೈಮರ್ ದಿನದ ಶಿಬಿರದಲ್ಲಿ ತೋರಿಸಿದರೆ ಸಾಕೇ?
– ಗೃಹಿಣಿ, ಮಂಡ್ಯ

ಉತ್ತರ: ಶಿಬಿರಕ್ಕೆ ಕಾಯಬೇಡಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನದು. ವರ್ಷಗಟ್ಟಲೆ ಮಾಡಿದ ಸಾರಿನ ಕ್ರಮವೇ ತಪ್ಪುವುದು, ಸ್ವಂತ ಬೀದಿಯಲ್ಲಿ ದಾರಿ ತಪ್ಪುವುದು ಕಾಯಿಲೆಯ ಸೂಚನೆ. ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ (ರಕ್ತದಲ್ಲಿನ ಉಪ್ಪಿನಂಶ) ಪರೀಕ್ಷೆ ಮಾಡಿಸಿ, ಕಿವಿಯನ್ನೂ ತೋರಿಸಿ. ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ಅವರು ನುಂಗುವ ಮಾತ್ರೆಗಳನ್ನೆಲ್ಲ, ನಿದ್ದೆ ಮಾತ್ರೆಯೂ ಸೇರಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಲ್ಲಿದೆಯೆಂದು ವಿಚಾರಿಸಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ನಡೆಸುವ ಯೋಜನೆ ಅದು. ಗೊಂದಲ, ಬಡಬಡಿಕೆ ಒಂದೆರಡು ದಿನದೊಳಗೆ ದಿಢೀರನೆ ಶುರುವಾದರೆ ಅದು ಸೋಂಕು ಅಥವಾ ಸೋಡಿಯಂ ಇಳಿತ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.